ಎದುರುಮನೆ ಅಕ್ಕನ ಹೊಟ್ಟೆಕಿಚ್ಚು

ಸಂಜೆಯಿಂದ ಮಳೆ ಬಿಟ್ಟಿರಲಿಲ್ಲ, ಕರೆಂಟೂ ಹೋಗಿತ್ತು. ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಎಲ್ಲರೂ ಮೇಣದಬತ್ತಿಯ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು. ಅಲ್ಲಿಯೇ ಆಯಾ ಆಗಿ ದುಡಿದು, ಈಗ ವಯಸ್ಸಾದ ಮೇಲೆ ಅಲ್ಲಿಯೇ ಒಂದು ಮಂಚ ಪಡೆದಿದ್ದ ದೊಡ್ಡಮ್ಮ ಶಾಲು ಹೊದ್ದು ಮಾತು ತೆಗೆದರು.

"ದೆವ್ವದ ಕತೆ ಕೇಳೋ ವಯಸ್ಸಾ ನಮ್ಮದು? ಇನ್ನೊಂದಿಷ್ಟು ದಿನಕ್ಕೆ ನಾವೇ ದೆವ್ವ... ಆದ್ರೂ ಕೇಳಿ. ಎದುರುಗಡೆ ಬೀಗ ಹಾಕಿರೋ ಮನೆ ಇದೆಯಲ್ಲ, ಅದೂ ವೃದ್ಧಾಶ್ರಮವೇ. ಅದನ್ನ ಅಕ್ಕ ನಡೆಸ್ತಿದ್ಲು, ಇದನ್ನ ತಂಗಿ. ತಂಗಿ ಕಿಟಕಿಗೆ ಹೊಸ ಪರದೆ ಹಾಕಿದ್ರೂ ಅಕ್ಕನಿಗೆ ಊಟ ಸೇರ್ತಿರಲಿಲ್ಲ. ಅಂಥಾದ್ರಲ್ಲಿ ಕೊರೊನಾ ಬಂತು... ಯಾವ ಆಶ್ರಮದಲ್ಲಿ ನೂರಕ್ಕೆ ಎಷ್ಟು ಸೋಂಕು, ಎಷ್ಟು ಸಾವು ಅಂತ ಆರೋಗ್ಯ ಇಲಾಖೆಯವರು ಹೋಲಿಸಿ ವಾರ ವಾರ ಪೇಪರಿಗೆ ಕೊಡೋರು. ತಂಗಿ ಆಯಾಗಳಾದ ನಮ್ಮನ್ನೆಲ್ಲ ಮನೆಗೆ ಕಳಿಸದೆ ಇಲ್ಲೇ ಇರಿಸ್ಕೊಂಡಿದ್ಲು, ನಮ್ಮದು ಸೊನ್ನೆ. ಅಕ್ಕನ ಆಯಾಗಳು ಇನ್ನೆರಡು ಕಡೆ ದುಡಿದು ಬರೋರು, ರೋಗ ಬಿಡುತ್ತಾ? ನಮ್ಮ ಸೊನ್ನೆ ನೋಡಿ ಅವಳ ಹೊಟ್ಟೆಗೆ ಬೆಂಕಿ ಬಿತ್ತು.

"ಆಗ ಏನು ಮಾಡಿದ್ಲು ಗೊತ್ತಾ? ಆಶ್ರಮದ ಮಂಚದ ಮೇಲೆ ಸತ್ತರೆ ತಾನೆ ಆಶ್ರಮದ ಲೆಕ್ಕಕ್ಕೆ? ಕೊನೆಯುಸಿರು ಎಳೀತಿದ್ದೋರನ್ನ ಆಂಬ್ಯುಲೆನ್ಸಿಗೆ ಹತ್ತಿಸೋಕೆ ಶುರುಮಾಡಿದ್ಲು. ಒಬ್ಬ ಮುದುಕ ಮೇಷ್ಟ್ರು ಮಂಚದ ಕಂಬಿ ಹಿಡ್ಕೊಂಡು, 'ಇಲ್ಲೇ ಸಾಯ್ತೀನಿ ಬಿಡಮ್ಮ' ಅಂತ ಬೇಡ್ಕೊಂಡ್ರು... ಬೆರಳು ಬಿಡಿಸಿ ಕಳಿಸಿದ್ಲು. ದಾರೀಲೇ ಹೋದ್ರು. ಇಲಾಖೆಯವರೇನು ದಡ್ಡರಾ? ಎಲ್ಲಿ ಸತ್ತರೂ ಅವರಿದ್ದ ಆಶ್ರಮದ ಲೆಕ್ಕಕ್ಕೇ ಸೇರಿಸಿದ್ರು. ಅಕ್ಕನ ಸಂಖ್ಯೆ ಎಲ್ಲರಿಗಿಂತ ಮೇಲೆ ಹೋಯ್ತು. ನಮ್ಮದು ಇನ್ನೂ ಸೊನ್ನೆ.

"ಕೊನೆಗೆ ಅವಳೇ ಮಲಗಿದ್ಲು. ಆಸ್ಪತ್ರೆ ನರ್ಸ್ ಹೇಳಿದ್ದು ಇದು... ನೀರು ಕೇಳಲಿಲ್ಲ, ತಂಗೀನ ನೋಡ್ಬೇಕು ಅನ್ನಲಿಲ್ಲ, 'ಅವಳ ಮನೇಲಿ ಯಾರಾದ್ರೂ ಹೋದ್ರಾ?' ಅಂತ ಕೇಳ್ತಾ ಕೇಳ್ತಾನೇ ಕಣ್ಣು ಮುಚ್ಚಿದ್ಲು.

"ಅದಾದ ಮೇಲೆ ಒಂದು ಸಂಜೆ ನಮ್ಮ ಬಾಗಿಲು ಬಡೀತು. ಹೊಸದಾಗಿ ಸೇರಿದ್ದ ಅಡುಗೆಯವಳು ತೆಗೆದ್ಲು. ಮಾಸ್ಕ್ ಹಾಕ್ಕೊಂಡ ಹೆಂಗಸು ನಿಂತು, 'ನಿಮ್ಮಲ್ಲಿ ಯಾರಾದ್ರೂ ಹೋದ್ರಾ?' ಅಂದ್ಲಂತೆ. ಪಾಪ, ಇವಳಿಗೇನು ಗೊತ್ತು... ನಗ್ತಾ, 'ದೇವರ ದಯೆ, ಯಾರೂ ಇಲ್ಲ' ಅಂತ ಹೇಳಿ ಬಂದ್ಲು. ಬೆಳಿಗ್ಗೆ ಆ ಅಡುಗೆಯವಳು ಏಳಲೇ ಇಲ್ಲ.

"ಆಮೇಲಿಂದ ಅವಳು ಬಂದಾಗೆಲ್ಲ ನಾನೇ ಹೋಗಿ, 'ಹೋದ್ರು ಕಣಮ್ಮ, ತುಂಬಾ ಜನ ಹೋದ್ರು' ಅಂತೀನಿ. ಸಮಾಧಾನವಾಗಿ ವಾಪಸ್ ಹೋಗ್ತಾಳೆ. ಇವತ್ತು ಕಾಲು ನೋವು ಅಂತ ಮಲಗಿದ್ದೆ... ಸಂಜೆ ಬಾಗಿಲು ಬಡಿದಿದ್ದು ಮಾತ್ರ ಕೇಳಿಸ್ತು. ಯಾರು ಹೋಗಿ ತೆಗೆದ್ರಿ? ಏನಂದ್ರಿ ಅವಳಿಗೆ?"