ಲಗ್ನದ ಕ್ಯಾಮೆರಾದಾಗ ನಮ್ಮ ಸಾಲಿ

ಕುಂಡ್ರೋ ಈಶಪ್ಪಣ್ಣಾ, ಎಲ್ಲಿಗೆ ಓಡ್ತೀ! ಚಾ ಬರಾಕತ್ತೈತಿ. ಮಗನ ಹೆಸರು ಸಾಲ್ಯಾಗಿಂದ ನಾಳೆ ತಗಸುವಂತಿ, ಯಾರ್ ಬ್ಯಾಡಂತಾರ? ಮೊದಲ ನಮ್ಮ ಸಾಲಿ ಮ್ಯಾಲ ತಗಿಸಿದ ಈ ಸಿ.ಡಿ. ನೋಡು. ನಿನ್ನ ಮುಂದ ಕುಂತ ಈ ಸಾಲಿ ಸಮಿತಿ ಅಧ್ಯಕ್ಷ ಅಲ್ಲಾಸಾಬ ಬರೇ ಕುರ್ಚಿಗೆ ಅದಾನೋ, ಕೆಲಸಕ್ಕೂ ಅದಾನೋ ಅಂತ!

ಹಾಂ, ಬಂತು, ಬಂತು!... ಯಾಕ್ ನಗ್ತೀ? ಹೆಡ್ ಮಾಸ್ತರು ಗುಲಾಬಿ ಹೂವಿನ್ಯಾಗಿಂದ ಎದ್ದು ಬಂದ್ರಂತನಾ? ಹ್ಹಹ್ಹಾ! ನಗು, ನಗು, ನಾನೂ ನಕ್ಕೀನಿ! ಇದನ್ನ ತಗದ ಗೌಸುಸಾಬ ರೋಣದಾಗ ಬರೇ ಲಗ್ನದ ಶೂಟಿಂಗ್ ಮಾಡಿದಾಂವ. ಅವನ ಕಂಪ್ಯೂಟರಿನ್ಯಾಗ ಇರೋವು ಅವ... ಗುಲಾಬಿ, ಹಾರ್ಟು, ಪಾರಿವಾಳ. ಅಗೋ, ನಿರ್ಮಲಾ ಅಕ್ಕೋರು ಗುಣಾಕಾರ ಕಲಿಸಾಕತ್ತಾರ, ಸುತ್ತ ಹಾರ್ಟು ಹಾರ್ಯಾಡಾಕತ್ತಾವ! ಅವ್ರ ಗಂಡ ನೋಡಿದ್ರ ಏನಂತಾನೋ! "ತಗಿಯೋ ಗೌಸ್ಯಾ" ಅಂದ್ರ, "ಇಷ್ಟು ಚಲೋ ಬಂದೈತಿ, ಯಾಕ್ ತಗೀಲಿ?" ಅಂತಾನ.

ನಗಿ ಬಿಡು, ಖರೇ ಹೇಳ್ತೀನಿ, ಸಂಕಟ ಆಗ್ತೈತೋ. ಒಬ್ಬೊಬ್ರ ಹಿಂಗ ಮಕ್ಕಳನ್ನ ಗಜೇಂದ್ರಗಡದ ಇಂಗ್ಲಿಷ್ ಸಾಲಿಗೆ ಹಾಕಿದ್ರ ನಮ್ಮ ಸಾಲಿ ಮುಚ್ತೈತಿ. ಬಡವರ ಹುಡ್ರು ಎಲ್ಲಿ ಹೋಗ್ಬೇಕು? ಅದಕ್ಕ ಇದನ್ನ ನಿನ್ನಿಂದ ಸುರುಮಾಡಿ ಎಲ್ಲಾರಿಗೂ ತೋರ್ಸಾಂವ ಅದೀನಿ.

ತಡಿ, ತಡಿ! ಈಗ ನನ್ನ ಮಗಳು ಹುಸ್ನಾ ಬರ್ತಾಳ. ಏನ್ ಇಂಗ್ಲಿಷ್ ಮಾತಾಡ್ತಾಳ ಕೇಳು! ಎಲ್ಲಾ ನಮ್ಮ ಸಾಲ್ಯಾಗ ಕಲ್ತದ್ದಪಾ! ಗೌಸುಸಾಬಗ ಮದುಮಗಳನ್ನ ತೋರ್ಸಿ ತೋರ್ಸಿ ಅದ ರೂಢಿ... ಮೊದಲ ಪಾದ, ಆಮ್ಯಾಲ ಸಾವಕಾಶ ಮ್ಯಾಲ ಮ್ಯಾಲ, ಕಡೀಕ ಮಾರಿ...

ಯಾಕ ಟಿ.ವಿ. ಹತ್ರ ಬಗ್ಗಿದಿ?

ಬೂಟು?... ಹ್ಞಾಂ, ಕರೀ ಬೂಟು. ಹಬ್ಬಕ್ಕ ಕೊಡ್ಸಿದ್ದು. ಕಾಲಚೀಲಾನೂ ಹಬ್ಬದ್ದ. ಬಾಕಿ ಹುಡ್ರೆಲ್ಲಾ ಬರಿಗಾಲ... ಗೊತ್ತೈತಿ. ಪಟ್ಟಾ? ಸೊಂಟದ ಪಟ್ಟಾದ ಮ್ಯಾಲ ಇಂಗ್ಲಿಷಿನ್ಯಾಗ ಏನೋ ಬರದೈತಿ, ಇಲ್ಲಿಂದ ಕಾಣವಲ್ದು ನನಗ... ಅಯ್ಯ, ಗೌಸ್ಯಾ, ನಿನ್ನ ಕ್ಯಾಮೆರಾ ಸುಡ್ಲಿ!

ಹಂಗ ನೋಡಬ್ಯಾಡೋ ಅಣ್ಣಾ. ಚಾ ಬಂತು, ಕುಡಿ...

ಹೌದು. ಗಜೇಂದ್ರಗಡದ ಸಾಲಿಗೆ ಹಾಕೀನಿ. ಅಲ್ಲಿರೋ ನಮ್ಮ ಅತ್ತೀಗೆ ಆರಾಮಿಲ್ಲ, ಹುಸ್ನಾನ್ನ ಆಕಿ ಮನ್ಯಾಗ ಇರಾಕ ಕಳಿಸೀನಂತ ಊರಿಗೆಲ್ಲಾ ಹೇಳಿದ್ನಲ್ಲಾ... ಅತ್ತಿ ಗುಂಡಗಲ್ಲ ಇದ್ದಂಗ ಅದಾಳ. ಶೂಟಿಂಗಿಗೆ ಅಂತ ಒಂದಿನ ಕರಸಿದ್ದೆ. ಬೂಟು ಬಿಡು ಅಂದ್ರ ಬಿಡ್ಲಿಲ್ಲೋ, ಅಷ್ಟು ಖುಷಿ ಆಕಿಗೆ! ಅದನ್ನ ನೋಡಿ ನನಗೂ... ನಾಚಿಕಿ ಬರ್ತೈತಿ ಈಶಪ್ಪಣ್ಣಾ. ಬೈ. ಬೈದರ ಬೈ...

ಏನು?... ಜೋರಾಗಿ ಅನ್ನು.

ನಿನ್ನ ಮಗಗೂ ಅಂಥಾ ಬೂಟು ಯಾವ ಅಂಗಡ್ಯಾಗ ಸಿಗ್ತಾವು ಅಂತ ಕೇಳ್ತೀ?