ಹೊರಗಿಂದ ಬೀಗ

ಹೇಳಿಕೆ ಕೊಡುತ್ತಿರುವವರು: ಕಚೇರಿಯಲ್ಲಿ ಎಲ್ಲರೂ ಸಿಗ್ನಲ್ ಅಕ್ಕ ಎಂದು ಕರೆಯುವ ನಾನು. ವಯಸ್ಸು 44 ವರ್ಷ. ಉದ್ಯೋಗ: ವೈದ್ಯರು ಬಾಯಲ್ಲಿ ಹೇಳಿ ಕಳಿಸುವ ವರದಿಗಳನ್ನು ಟೈಪ್ ಮಾಡಿಕೊಡುವ ಕಂಪನಿಯಲ್ಲಿ ನೆಟ್‌ವರ್ಕ್ ಮೇಲ್ವಿಚಾರಕಿ. ವಾಸ: ಕನ್ನಡಕದ ಅಂಗಡಿಯ ಮೇಲಿನ ಎರಡನೇ ಮಹಡಿ, ಠಾಣೆಯಿಂದ ಒಂದೂವರೆ ಕಿಲೋಮೀಟರ್.

ಈ ದಿನ ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ:

ನಮ್ಮ ಕಂಪನಿಗೆ ದೂರದ ಊರುಗಳಲ್ಲಿ ಆರು ಸಣ್ಣ ಕಚೇರಿಗಳಿವೆ. ಮನೆಯಿಂದಲೇ ಕೆಲಸ ಮಾಡುವವರು 41 ಮಂದಿ. ಕಳೆದ ಫೆಬ್ರವರಿಯಲ್ಲಿ ಇವರೆಲ್ಲರಿಗೂ ಆಕ್ಸೆಸ್ ಪಾಯಿಂಟ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ತಂತಿಯಲ್ಲಿ ಬಂದ ಇಂಟರ್‌ನೆಟ್ಟನ್ನು ವೈಫೈಯಾಗಿ ಹಂಚುವ ಈ ಸಾಧನವನ್ನು ನಾವು ಡಬ್ಬಿ ಎನ್ನುತ್ತೇವೆ. ಕಚೇರಿಗಳಿಗೆ ಚಾವಣಿಗೆ ಬಿಗಿಯುವ ದೊಡ್ಡ ಡಬ್ಬಿ ಆರಿಸಿದೆ. ಮನೆಗಳಿಗೂ ಅದೇ ಇರಲಿ ಎಂದು ನಮ್ಮ ಮ್ಯಾನೇಜರ್ ಹೇಳಿದರು. ಒಬ್ಬರು ಕೂತು ಟೈಪ್ ಮಾಡುವ ಮನೆಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ ಎಂದು ವಾದಿಸಿ, ಕಪಾಟಿನ ಮೇಲೆ ಇಡುವ ಸಣ್ಣ ಡಬ್ಬಿ ಆರಿಸಿದೆ. ಅದರ ವೈಫೈ ಹೆಸರನ್ನು ಮನೆಯವರೇ ಬದಲಾಯಿಸಬಹುದು. ಆ ಸೌಲಭ್ಯವನ್ನು ಮುಚ್ಚಿಸಿ ಎಂದು ಮ್ಯಾನೇಜರ್ ಹೇಳಿದಾಗ, ಪಕ್ಕದ ಮನೆಯ ಹೆಸರಿನ ಜೊತೆ ಗೊಂದಲವಾದರೆ ಪ್ರತಿಸಲ ನಾನೇ ಓಡಬೇಕಾಗುತ್ತದೆ, ತೆರೆದೇ ಇರಲಿ ಎಂದೆ.

ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಅವರು ಡಬ್ಬಿಯ ಕಥೆ ಸಾಕು, ವಿಷಯಕ್ಕೆ ಬನ್ನಿ ಎಂದರು. ಡಬ್ಬಿಯೇ ವಿಷಯ ಎಂದು ಹೇಳಿದ್ದೇನೆ.

ಮಾರ್ಚ್ 12ರಂದು ಬೆಳಗ್ಗೆ 11 ಗಂಟೆಗೆ ಸಿಗ್ನಲ್ ಅಳೆಯಲು ನಮ್ಮ ಟೈಪಿಸ್ಟ್ ಒಬ್ಬಳ ಮನೆಗೆ ಹೋದೆ. ಅವಳ ವಯಸ್ಸು 29. ಎಲ್ಲ ಡಬ್ಬಿಗಳ ಹೆಸರನ್ನೂ ಸಿಗ್ನಲನ್ನೂ ಆಗಿಂದಾಗ ತೋರಿಸುವ ನಮ್ಮ ಕಂಪ್ಯೂಟರ್ ಪಟ್ಟಿಯಲ್ಲಿ ಅವಳ ಡಬ್ಬಿಯ ಹೆಸರು ಮನೆ-27. ಮನೆ ಮೊದಲ ಮಹಡಿಯಲ್ಲಿದೆ, ಒಂದರ ಹಿಂದೆ ಒಂದು ಮೂರು ಕೋಣೆ, ಕೊನೆಯದು ಸಾಮಾನಿನ ಕೋಣೆ. ಗಂಡ ಪ್ರತಿ ಕೋಣೆಗೂ ನನ್ನ ಹಿಂದೆಯೇ ಬಂದರು. ಈ ಡಬ್ಬಿಯಿಂದ ಇವಳು ಯಾರ ಜೊತೆ ಮಾತಾಡುತ್ತಾಳೆಂದು ಗೊತ್ತಾಗುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮುಂದಿನ ಕೋಣೆಯಲ್ಲಿ ಸಿಗ್ನಲ್ 48 ಇತ್ತು, ಸಾಮಾನಿನ ಕೋಣೆಯಲ್ಲಿ 87. ಈ ಅಂಕೆ ಹೆಚ್ಚಿದಷ್ಟೂ ಸಿಗ್ನಲ್ ಕಮ್ಮಿ. ಆ ಕೋಣೆಯಲ್ಲಿ ಗಾಳಿಕಿಂಡಿಯ ಕೆಳಗೆ ಒಂದು ಮೂಲೆಯಲ್ಲಿ ಮಾತ್ರ ಅಷ್ಟಾದರೂ ಸಿಗುತ್ತಿತ್ತು. ಇಲ್ಲಿ ಕೂತು ಕೆಲಸ ಮಾಡುವ ಗತಿ ನಿನಗೆ ಬಾರದಿರಲಿ ಮಾರಾಯ್ತಿ ಎಂದು ನಾನೇ ನಗೆಯಾಡಿದೆ. ಅವಳು ನಗಲಿಲ್ಲ. ಆ ಕೋಣೆಯ ಬಾಗಿಲಿಗೆ ಹೊರಗಡೆ ಹೊಸ ಚಿಲಕ ಇತ್ತು. ಇಲಿ ಕಾಟ ಎಂದು ಗಂಡ ಹೇಳಿದರು. ಇಲಿಗೆ ಚಿಲಕ ಯಾಕೆಂದು ನನಗೆ ಆಗ ತೋಚಲಿಲ್ಲ.

ಗಂಡನಿಗೆ ಫೋನ್ ಬಂದು ಮೆಟ್ಟಿಲಿನ ಕಡೆ ಹೋದರು. ಆ ಎರಡು ನಿಮಿಷದಲ್ಲಿ ಅವಳು, "ಅಕ್ಕ, ಈ ಹೆಸರು ಬದಲಾಯಿಸಿದ್ರೆ ನಿಮಗೆ ಕಾಣುತ್ತಾ?" ಎಂದು ಕೇಳಿದಳು. ದಿನಾ ಬೆಳಗ್ಗೆ ಒಂಬತ್ತೂ ಕಾಲಿಗೆ ಪಟ್ಟಿ ನೋಡುವವಳು ನಾನೇ ಎಂದೆ. ಹೂಂ ಎಂದಳು. ಅವಳಿಗೆ ಬೇರೆ ಫೋನಿಲ್ಲ, ಕಂಪನಿಗೆ ಕೊಟ್ಟಿರುವುದು ಗಂಡನ ನಂಬರು. ಅವಳ ಮೇಲ್‌ಗಳನ್ನು ದಿನಾ ಸಂಜೆ ಗಂಡ ಓದುತ್ತಾರೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅನುಮಾನದ ಪ್ರಾಣಿ ಎಂದು ನಗುತ್ತಿದ್ದೆವು, ಅಷ್ಟೆ.

ಮನೆಯವರು ಡಬ್ಬಿಗೆ ಚೇಷ್ಟೆಯ ಹೆಸರಿಡುವುದು ಮಾಮೂಲು. ಒಬ್ಬರು 'ಅತ್ತೆ ಬಂದರು' ಎಂದಿಟ್ಟಿದ್ದರು. ಹೆಸರಿನ ಜಾಗ ಚಿಕ್ಕದು. ಗುಣಿತ, ಒತ್ತುಗಳನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಕನ್ನಡದ ಹತ್ತು ಅಕ್ಷರ ಹಿಡಿದರೆ ಹೆಚ್ಚು, ಮಿಕ್ಕಿದ್ದು ತುಂಡಾಗುತ್ತದೆ. ಬದಲಾದ ಹೆಸರನ್ನು ಅಳಿಸಿ ಮೊದಲಿನಂತೆ ಮಾಡುವುದು ನನ್ನ ದಿನದ ಮೊದಲ ಕೆಲಸ.

ಜುಲೈ 7, ಸೋಮವಾರ ಬೆಳಗ್ಗೆ 9 ಗಂಟೆ 15 ನಿಮಿಷಕ್ಕೆ ಮನೆ-27ರ ಹೆಸರು 'ಹೊರಗಿಂದ ಬೀಗ' ಎಂದಿತ್ತು. ಬೀಗರು ಎಂದು ಬರೆಯಲು ಹೋಗಿ 'ರು' ತುಂಡಾಗಿದೆ ಎಂದುಕೊಂಡೆ. ಊರಿಂದ ಬೀಗರು ಇಳಿದಿದ್ದಾರೆ, ಇವತ್ತು ಇವಳ ಕೆಲಸ ಅಷ್ಟಕ್ಕಷ್ಟೆ ಎಂದು ಪಕ್ಕದ ಮೇಜಿನ ಸ್ಟೋರ್‌ಕೀಪರ್‌ಗೆ ಹೇಳಿ ಇಬ್ಬರೂ ನಕ್ಕೆವು. 9:17ಕ್ಕೆ ಅಳಿಸಿದೆ. ಬೀಗ ಎಂದರೆ ಬಾಗಿಲಿಗೆ ಹಾಕುವ ಬೀಗವೂ ಹೌದೆಂದು ನನಗೆ ಹೊಳೆಯಲಿಲ್ಲ. ಕನ್ನಡ ನನ್ನ ತಾಯಿನುಡಿ.

ಜುಲೈ 9, ಬುಧವಾರ ಅದೇ ಹೊತ್ತಿಗೆ ಹೆಸರು 'ತಮಾಷೆ ಅಲ್ಲ' ಎಂದಾಗಿತ್ತು. ನಾನು ಅಳಿಸಿದ್ದಕ್ಕೆ ಸಿಟ್ಟು ಮಾಡಿಕೊಂಡಿದ್ದಾಳೆ ಎಂದು ತಿಳಿದೆ. ನನಗೂ ಸಿಟ್ಟು ಬಂತು. ಅಳಿಸಿ, 9:40ಕ್ಕೆ ಅವಳಿಗೆ ಮೇಲ್ ಕಳಿಸಿದೆ. ನೀವು ಕಂಪನಿಯ ಸಾಧನಕ್ಕೆ 'ಹೊರಗಿಂದ ಬೀಗ', 'ತಮಾಷೆ ಅಲ್ಲ' ಎಂಬ ಹೆಸರುಗಳನ್ನು ಇಟ್ಟಿರುತ್ತೀರಿ, ಇದು ನಿಯಮಕ್ಕೆ ವಿರುದ್ಧ ಎಂದು ಎರಡೂ ಹೆಸರು ನಮೂದಿಸಿ ಬರೆದೆ. ಗಂಡನ ಫೋನು ಮನೆಯ ಇನ್ನೊಂದು ವೈಫೈನಲ್ಲಿತ್ತು, ಅವರು ಈ ಹೆಸರುಗಳನ್ನು ನೋಡಿರಲಿಲ್ಲ. ನೋಡುವಂತೆ ಮಾಡಿದವಳು ನಾನು. ಮಾಡಬಾರದ್ದನ್ನು ಮಾಡಿದ್ದೇನೆ, ಇದನ್ನು ಹೀಗೆಯೇ ಬರೆದುಕೊಳ್ಳಬೇಕು.

ಅದೇ ಸಂಜೆ 6:50ಕ್ಕೆ ಅವಳ ಮೇಲ್‌ನಿಂದ ಉತ್ತರ ಬಂತು. ಕ್ಷಮಿಸಿ ಮೇಡಂ, ಇನ್ನು ಹೀಗಾಗುವುದಿಲ್ಲ ಎಂದಿತ್ತು. ಅವಳು ನನ್ನನ್ನು ಒಮ್ಮೆಯೂ ಮೇಡಂ ಎಂದವಳಲ್ಲ.

ಈ ದಿನ, ಜುಲೈ 10ರಂದು ಬೆಳಗ್ಗೆ 9:15ಕ್ಕೆ ಪಟ್ಟಿ ತೆರೆದೆ. ಹೆಸರು ಮನೆ-27 ಎಂದೇ ಇತ್ತು. ಆದರೆ ನಾಲ್ಕು ತಿಂಗಳು 50ರ ಆಸುಪಾಸಿನಲ್ಲಿದ್ದ ಅವಳ ಲ್ಯಾಪ್‌ಟಾಪಿನ ಸಿಗ್ನಲ್ 87 ತೋರಿಸುತ್ತಿತ್ತು. ಆ ಮನೆಯಲ್ಲಿ 87 ಬರುವ ಜಾಗ ಒಂದೇ. ಬೀಗ ಎಂದರೆ ಯಾವ ಬೀಗ ಎಂದು ಆಗ ತಿಳಿಯಿತು.

10:05ಕ್ಕೆ ಫೋನ್ ಮಾಡಿದೆ. ಗಂಡ ಎತ್ತಿದರು. ಹೆಂಡತಿ ನಿನ್ನೆ ಸಂಜೆಯೇ ತವರಿಗೆ ಹೋದಳು, ಲ್ಯಾಪ್‌ಟಾಪ್ ಒಯ್ದಿದ್ದಾಳೆ, ಅಲ್ಲಿಂದಲೇ ಕೆಲಸ ಮಾಡುತ್ತಾಳೆ ಎಂದರು. ಆಗಲಿ ಎಂದು ಫೋನಿಟ್ಟೆ. ಆ ಲ್ಯಾಪ್‌ಟಾಪ್ ಆ ಕ್ಷಣದಲ್ಲೂ ಮನೆ-27ರಲ್ಲಿತ್ತು. ನನ್ನ ಡಬ್ಬಿಗೆ ಸುಳ್ಳು ಹೇಳಲು ಬರುವುದಿಲ್ಲ.

11:15ಕ್ಕೆ ಆ ಮನೆಗೆ ಹೋದೆ. ಮುಂಬಾಗಿಲಿಗೆ ಹೊರಗಿನಿಂದ ಬೀಗ ಇತ್ತು. ಆರು ಸಲ ಬಾಗಿಲು ಬಡಿದೆ, ಕೂಗಿದೆ. ಉತ್ತರ ಬರಲಿಲ್ಲ. ಆ ಕೋಣೆಗೆ ಮುಂಬಾಗಿಲಿನಿಂದ 14 ಹೆಜ್ಜೆ, ನಡುವೆ ಎರಡು ಗೋಡೆ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಹೊರಬಂದು, ಅವಳು ತವರಿಗೆ ಹೋಗಿದ್ದಾಳೆಂದು ಗಂಡ ಹೇಳಿದರು ಎಂದರು. ಆಮೇಲೆ ದನಿ ತಗ್ಗಿಸಿ, "ಹೋದೋಳ ಚಪ್ಪಲಿ ಇಲ್ಲೇ ಇದೆಯಲ್ಲಮ್ಮ" ಎಂದು ಬಾಗಿಲ ಪಕ್ಕ ತೋರಿಸಿದರು. ನೀಲಿ ಪಟ್ಟಿಯ ಒಂದು ಜೊತೆ ಚಪ್ಪಲಿ. ಅವಳಿಗೆ ಇರುವುದು ಅದೊಂದೇ ಜೊತೆ ಎಂದೂ ಹೇಳಿದರು.

ಬೀಗ ಒಡೆಯಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು, 11:38ಕ್ಕೆ ನನ್ನ ಫೋನಿನಿಂದ ಪಟ್ಟಿ ತೆರೆದು, ನಾನೇ ಮನೆ-27ರ ಹೆಸರನ್ನು 'ಬಂದಿದೀನಿ' ಎಂದು ಬದಲಾಯಿಸಿದೆ. ಹೆಸರು ಬದಲಾದರೆ ಲ್ಯಾಪ್‌ಟಾಪಿನ ಸಂಪರ್ಕ ಕಡಿಯುತ್ತದೆ. ಮತ್ತೆ ಸೇರಲು ಅವಳು ಲ್ಯಾಪ್‌ಟಾಪಿನಲ್ಲಿ ವೈಫೈ ಹೆಸರುಗಳನ್ನು ನೋಡಲೇಬೇಕು. ಇಪ್ಪತ್ತು ನಿಮಿಷ ಕಾದೆ. ಲ್ಯಾಪ್‌ಟಾಪ್ ಮತ್ತೆ ಸೇರಲಿಲ್ಲ. ಅಲ್ಲಿಂದ ಆಟೋ ಹಿಡಿದು ಠಾಣೆಗೆ ಬಂದೆ. ತಡವಾಯಿತೇನೋ ಎಂಬ ಹೆದರಿಕೆಯಲ್ಲಿ ಇಷ್ಟನ್ನೂ ಬರೆಸಿದ್ದೇನೆ.

ಗಂಡ ಹೆಂಡತಿ ಜಗಳವಿರಬಹುದು, ಸಂಜೆ ಗಂಡ ಬಂದ ಮೇಲೆ ವಿಚಾರಿಸೋಣ ಎಂದು ಹೆಡ್ ಕಾನ್‌ಸ್ಟೆಬಲ್ ಅವರು ಹೇಳಿದರು. ಸಂಜೆಯವರೆಗೆ ಬೇಡ ಎಂದು ಕೇಳಿಕೊಂಡೆ. ಈ ಮಾತಿನ ನಡುವೆ, 12 ಗಂಟೆ 52 ನಿಮಿಷಕ್ಕೆ, ಮೇಜಿನ ಮೇಲೆ ತೆರೆದಿಟ್ಟಿದ್ದ ನನ್ನ ಫೋನಿನಲ್ಲಿ ಹೆಸರು ಬದಲಾಯಿತು. 'ಇದೀನಿ ಅಕ್ಕ' ಎಂದು ಬಂತು. ಸಿಗ್ನಲ್ 87. ಫೋನನ್ನು ಹೆಡ್ ಕಾನ್‌ಸ್ಟೆಬಲ್ ಅವರ ಕಡೆ ತಿರುಗಿಸಿದೆ. ಅವರು ಎರಡು ಸಲ ಓದಿದರು. ಪೆನ್ನು ಕೆಳಗಿಟ್ಟು, ಬೀಗ ಒಡೆಯುವ ಸಲಾಕೆ ತರಲು ಒಳಗೆ ಕೂಗಿ ಹೇಳಿ, ಜೀಪು ತೆಗೆಯಿರಿ ಎಂದರು. ಉಳಿದಿದ್ದನ್ನು ಅವರು ನಿಂತುಕೊಂಡೇ ಬರೆಯುತ್ತಿದ್ದಾರೆ.

ಈ ಸಲ ಆ ಹೆಸರನ್ನು ನಾನು ಅಳಿಸಿಲ್ಲ.

ನನ್ನ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ, ನಾನು ಹೇಳಿದಂತೆಯೇ ಇದೆ. ನನ್ನ ತಪ್ಪೂ ಸೇರಿ ಇದರಲ್ಲಿರುವುದೆಲ್ಲ ಸತ್ಯ.

ಸ್ಥಳ: ಠಾಣೆ
ದಿನಾಂಕ: ಜುಲೈ 10, ಮಧ್ಯಾಹ್ನ 12 ಗಂಟೆ 57 ನಿಮಿಷ
ಸಹಿ ಮಾಡಿದ್ದೇನೆ