ಮೇಷ್ಟ್ರು ಹೊಗಳಿದ ದಿನ

ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಹಿಲ್ಡ ಅವರೇ, ನಗರಸಭೆಯಿಂದ ಬಂದಿರುವ ಅತಿಥಿಗಳೇ, ಮೇಷ್ಟ್ರ ಅಕ್ಕ ಮಾರ್ಥ ಅವರೇ, ನಮ್ಮ ತಂಡದ ವಾದಕರೇ, ಮತ್ತು ಕೋಟು ಬಿಚ್ಚದೆ ಕುಳಿತಿರುವ ಮೆಖೆಲೆನ್ ನಗರದ ಸಭಿಕರೇ,

ಈಗ ಸಂಜೆ ಏಳು ಗಂಟೆ ಹತ್ತು ನಿಮಿಷ. ಬೆಳಿಗ್ಗೆ ಮಂಜಿತ್ತು, ಮಧ್ಯಾಹ್ನ ಸಣ್ಣ ಮಳೆ ಬಂತು. ಮೂರು ಗಂಟೆಗೆ ಈ ಚರ್ಚಿಗೆ ಬಂದು ಇಲ್ಲಿರುವ ಹಾರ್ಪ್ಸಿಕಾರ್ಡನ್ನು, ಪಿಯಾನೊದ ಈ ಅಜ್ಜಿಯನ್ನು, ಶ್ರುತಿ ಮಾಡಿದೆ. ಗಾಳಿಯ ತೇವ ಶೇಕಡಾ ಎಪ್ಪತ್ತೊಂದು ಇತ್ತು. ನನ್ನ ದಿನಚರಿ ಪುಸ್ತಕದಲ್ಲಿ ಪ್ರತಿದಿನ ನಾನು ಬರೆಯುವುದು ಇಷ್ಟೇ. ಭಾಷಣವನ್ನೂ ಹೀಗೇ ಶುರು ಮಾಡಿದ್ದಕ್ಕೆ ಕ್ಷಮಿಸಿ, ನನಗೆ ಬೇರೆ ರೀತಿ ಬರುವುದಿಲ್ಲ. ನಾನು ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟವಳು. ನಮ್ಮಪ್ಪ ಪಿಯಾನೊ ಶ್ರುತಿ ಮಾಡುತ್ತಿದ್ದರು, ಅವರ ಚೀಲ ಹೊರಲು ಹೋಗಿ ನಾನೂ ಅದನ್ನೇ ಕಲಿತೆ.

ಮೇಷ್ಟ್ರು ಎಂದು ನಾವೆಲ್ಲ ಕರೆಯುತ್ತಿದ್ದ ಓಡಿಲೋನ್ ಟೆಮ್ಮರ್‌ಮನ್ ತೀರಿಕೊಂಡು ಇಂದಿಗೆ ಆರು ವಾರ. ಮೂವತ್ತೆರಡು ವರ್ಷ ನಾನು ಅವರ ವಾದ್ಯಕ್ಕೆ ಶ್ರುತಿ ಮಾಡಿದ್ದೇನೆ. ಇನ್ನು ಮುಂದೆ ಯಾರಿಗೂ ಮಾಡುವುದಿಲ್ಲ ಎಂದೂ ಹೇಳಿದ್ದೇನೆ. ತಂಡವನ್ನು ಈಗ ನಡೆಸಲಿರುವ ವೀರ್ಲ ಮೂರು ಸಲ ನಮ್ಮ ಮನೆಗೆ ಬಂದು ಕೇಳಿದಳು. ಮೂರು ಸಲವೂ ಭುಜ ನೋವು ಎಂದೆ. ಇವತ್ತು ಮಾಡಿದ್ದು ಇದೊಂದು ಸಂಜೆಗೆ, ಅವರ ಹೆಸರಿನಲ್ಲಿ ನುಡಿಸುವ ಒಂದು ಕೃತಿಗೆ ಮಾತ್ರ. ಇದು ಇಲ್ಲಿರುವ ಎಲ್ಲರಿಗೂ ಗೊತ್ತಿರುವ ವಿಷಯ. ಕಾಫಿ ಕುಡಿಯುವಾಗ ನೀವು ಅದನ್ನೇ ಮಾತಾಡಿಕೊಳ್ಳುತ್ತಿದ್ದಿರಿ. ನನ್ನ ಕಿವಿ ಇನ್ನೂ ಚೆನ್ನಾಗಿದೆ.

ಮೇಷ್ಟ್ರ ಬಗ್ಗೆ ಏನು ಹೇಳಲಿ? ಮುನ್ನೂರು ವರ್ಷ ಹಳೆಯ ಸಂಗೀತವನ್ನು ಆ ಕಾಲದ ವಾದ್ಯಗಳಲ್ಲಿ, ಆ ಕಾಲದ ಶ್ರುತಿಯಲ್ಲಿ, ಸಾಧ್ಯವಾದರೆ ಆ ಕಾಲದ ಚಳಿಯಲ್ಲೇ ನುಡಿಸಬೇಕು ಎಂದು ನಂಬಿದ್ದವರು ಅವರು. "ನನ್ನ ಹತ್ರ ಹೊಸಕಾಲದ್ದು ಅಂತ ಇರೋದು ಹಲ್ಲಿನ ಸೆಟ್ಟು ಒಂದೇ" ಎನ್ನುತ್ತಿದ್ದರು. ಜನವರಿಯಲ್ಲಿ ಚರ್ಚಿನ ಹೀಟರ್ ಹಚ್ಚಿದರೆ ಓಡಿಬಂದು ಆರಿಸುತ್ತಿದ್ದರು. ಪಿಟೀಲುಗಳಿಗೆ ಕುರಿಯ ಕರುಳಿನ ತಂತಿ, ಬಿಸಿ ತಾಗಿದರೆ ಶ್ರುತಿ ಓಡುತ್ತದೆ. "ಜನ ನಡುಗಿದ್ರೆ ಏನಾಯ್ತು, ಕೋಟು ಹಾಕ್ಕೋತಾರೆ. ಕರುಳಿಗೆ ಯಾರು ಕೋಟು ಹಾಕ್ತಾರೆ?" ಎಂದು ಕೇಳುತ್ತಿದ್ದರು. ಇಲ್ಲಿರುವ ಹಿರಿಯರಲ್ಲಿ ಎಷ್ಟು ಜನರ ಮಂಡಿನೋವಿಗೆ ಅವರು ಕಾರಣ ಎಂದು ಕೈ ಎತ್ತಿಸಿದರೆ ಸಭೆ ಮುಗಿಯುವುದಿಲ್ಲ.

ಮತ್ತೆ ಅವರ ಬೈಗುಳ! ಕವಾಟಗಳಿಲ್ಲದ ಆ ಹಳೆಯ ಕೊಂಬು ಊದುವುದು ಎಷ್ಟು ಕಷ್ಟ ಎಂದು ನಮ್ಮ ಬಾವೊನನ್ನು ಕೇಳಿ. ಒಂದು ಸ್ವರ ಒಡೆದರೆ ಸಾಕು, ಮೇಷ್ಟ್ರು ಕೈ ಕೆಳಗಿಳಿಸಿ, "ಏನಪ್ಪಾ ಬಾವೊ, ಹಸು ಈಯ್ತಾ? ಗಂಡೋ ಹೆಣ್ಣೋ?" ಎನ್ನುವರು. ಬಾವೊ ಕೂಡ ಕಮ್ಮಿಯಿಲ್ಲ: "ಅವಳಿ ಮೇಷ್ಟ್ರೇ, ಇನ್ನೊಂದು ಮುಂದಿನ ಸಾಲಲ್ಲಿ ಬರತ್ತೆ." ಬರುತ್ತಲೂ ಇತ್ತು.

ನನಗೆ ಬೀಳುತ್ತಿದ್ದ ಬೈಗುಳ ಬೇರೆ. ಅವರು ಹಾರ್ಪ್ಸಿಕಾರ್ಡ್ ನುಡಿಸುತ್ತಲೇ ತಂಡವನ್ನು ನಡೆಸುತ್ತಿದ್ದರು. ಪ್ರತಿ ಕಛೇರಿಗೆ ಮುಂಚೆ ಬಂದು ಕುಳಿತು, ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನುಡಿಸಿ, ಕಣ್ಣು ಮುಚ್ಚಿಕೊಂಡೇ ಹೇಳುವರು: "ಲೀವ, ನಿಮ್ಮಪ್ಪನ ಪಿಯಾನೊ ಇನ್ನೂ ನಿನ್ನ ಕಿವಿಯಲ್ಲಿ ಕೂತಿದೆ. ಓಡ್ಸು ಅದನ್ನ." ಇನ್ನೊಂದು ದಿನ, "ಈ ಸ್ವರಕ್ಕೂ ಆ ಸ್ವರಕ್ಕೂ ಮದುವೆ ಮಾಡು ಅಂದ್ರೆ ಜಗಳ ಹಚ್ಚಿದೀಯಲ್ಲೇ." ನಾನು ಮತ್ತೆ ತಂತಿ ಬಿಗಿಸುವ ಕೀಲಿ ತೆಗೆದುಕೊಂಡು, ಕೂದಲೆಳೆಯಷ್ಟು ತಿರುಗಿಸುವೆ. ಅವರು ಮತ್ತೆ ನುಡಿಸಿ, ಏನೂ ಹೇಳದೆ ಎದ್ದುಹೋಗುವರು. ಏನೂ ಹೇಳಲಿಲ್ಲ ಎಂದರೆ ಸರಿಯಾಗಿದೆ ಎಂದು ಅರ್ಥ. ಇಪ್ಪತ್ತೊಂಬತ್ತು ವರ್ಷ ಹೀಗೇ ನಡೆಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ, ಚೆನ್ನಾಗಿದೆ ಎಂದರೇ? ಇಲ್ಲ. ನಾನು ಕಾದೆನೇ? ಕಾಯದೆ ಏನು ಮಾಡಲಿ?

ಹೊಗಳಿದ್ದು ಮೂರು ವರ್ಷದ ಹಿಂದೆ, ನವೆಂಬರಿನಲ್ಲಿ, ಲೀರ್ ಊರಿನ ಚರ್ಚಿನಲ್ಲಿ. ಇದು ನಾನು ಬರೆದುಕೊಂಡು ಬಂದ ಹಾಳೆಯಲ್ಲಿಲ್ಲ. ಹೇಳಬಾರದಿತ್ತೇನೋ. ಮಾರ್ಥ ಅವರೇ, ನಿಮಗೂ ಗೊತ್ತಿಲ್ಲದ ವಿಷಯ, ಸಭೆಯ ನಡುವೆ ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ.

ಅವತ್ತು ನಾನು ಶ್ರುತಿ ಮಾಡುತ್ತಿದ್ದಾಗ ವೃದ್ಧಾಶ್ರಮದಿಂದ ಫೋನ್ ಬಂತು, ನಮ್ಮಮ್ಮ ಜಾರಿಬಿದ್ದಿದ್ದರು. ಹೊರಗೆ ಹೋಗಿ ಮಾತಾಡಿ ಬಂದೆ. ತಲೆ ಸರಿಯಿರಲಿಲ್ಲ. ತುತ್ತತುದಿಯ ಐದು ಸ್ವರಗಳನ್ನು ಮುಟ್ಟಿಯೇ ಇಲ್ಲ ಎಂಬುದನ್ನು ಮರೆತು, ಕೀಲಿಯನ್ನು ಚೀಲಕ್ಕೆ ಹಾಕಿದೆ. ಮೇಷ್ಟ್ರು ಬಂದು ಕುಳಿತರು. ಕೆಳಗಿನಿಂದ ನುಡಿಸುತ್ತಾ ಮೇಲೆ ಹೋದರು. ಆ ಐದು ಸ್ವರಗಳಿಗೆ ಬಂದಾಗ ತಗಡಿನ ಡಬ್ಬಿ ಉರುಳಿದ ಹಾಗೆ ಕೇಳಿಸಿತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಕಣ್ಣು ತೆರೆದು, ನಕ್ಕು, "ಚೆನ್ನಾಗಿದೆ ಕಣೇ ಲೀವ. ತುಂಬಾ ಚೆನ್ನಾಗಿದೆ" ಎಂದರು.

ಸಭಿಕರೇ, ಹೊಗಳಿಕೆ ಕೇಳಿ ಗೋಡೆಗೆ ಒರಗಿ ನಿಂತವರನ್ನು ನೀವು ನೋಡಿದ್ದೀರಾ?

ಅವರು ಕಾಫಿಗೆ ಹೋದ ಮೇಲೆ ಆ ಐದು ಸ್ವರಗಳನ್ನು ಸರಿಮಾಡಿದೆ. ದಿನಚರಿಯಲ್ಲಿ "ಲೀರ್. ತೇವ ಅರವತ್ತೆಂಟು. ಮೇಷ್ಟ್ರು ಹೊಗಳಿದರು" ಎಂದು ಬರೆದೆ. ಮುಂದೆ ಬರೆಯಲಾಗಲಿಲ್ಲ.

ಆಮೇಲೆ ನಾನು ಅಭ್ಯಾಸಗಳಿಗೂ ಬಂದು ಮೂರನೇ ಸಾಲಿನಲ್ಲಿ ಹೆಣಿಗೆ ಹಿಡಿದು ಕೂರತೊಡಗಿದೆ, ನಿಮಗೆ ನೆನಪಿರಬಹುದು. ನನಗೆ ಕೆಮ್ಮು ಶುರುವಾದದ್ದೂ ಆಗಲೇ. ಕೊಳಲಿನವರು ಶ್ರುತಿ ಬಿಟ್ಟು ಮೇಲೆ ಹೋದಾಗ ನನಗೆ ಕೆಮ್ಮು ಬರುತ್ತಿತ್ತು. ನಾನು ಕೆಮ್ಮಿದ ತಕ್ಷಣ ಮೇಷ್ಟ್ರು ಕೈ ತಟ್ಟಿ, "ಏಯ್ ಕೊಳಲು! ಎಲ್ಲಿಗೆ ಹತ್ತುತಾ ಇದೀಯಾ? ಇಳಿ ಕೆಳಗೆ!" ಎಂದು ಕೂಗುತ್ತಿದ್ದರು. ಎಂಥಾ ಕಿವಿ ಈ ವಯಸ್ಸಿನಲ್ಲಿ ಎಂದು ನೀವು ಬೆರಗಾಗುತ್ತಿದ್ದಿರಿ. ನನಗೆ ಜೇನುತುಪ್ಪ ತಂದುಕೊಟ್ಟಿರಿ, ಮಾತ್ರೆ ತಂದುಕೊಟ್ಟಿರಿ. ಬಾವೊನ ಹೆಂಡತಿ ಉಣ್ಣೆಯ ಶಾಲು ಕೊಟ್ಟಳು. ಎಲ್ಲವನ್ನೂ ನಾಚಿಕೆಯಿಲ್ಲದೆ ತೆಗೆದುಕೊಂಡೆ. ಶಾಲು ವಾಪಸು ಕೊಡುವುದಿಲ್ಲ, ಬೆಚ್ಚಗಿದೆ.

ಅವರಿಗೂ ನನಗೂ ಇದರ ಬಗ್ಗೆ ಒಂದು ಮಾತೂ ನಡೆದಿರಲಿಲ್ಲ, ಕೊನೆಯ ವಾರದ ತನಕ. ಆಸ್ಪತ್ರೆಯಲ್ಲಿ ಮಲಗಿದ್ದರು. ನಾನು ಹೋಗಿ ಕುಳಿತ ಕೂಡಲೆ, "ನಿನ್ನ ಕೆಮ್ಮು ಹೇಗಿದೆ?" ಎಂದು ಕೇಳಿದರು.

"ವಾಸಿಯಾಯ್ತು ಮೇಷ್ಟ್ರೇ."

"ಯಾವಾಗ ಗೊತ್ತಾಯ್ತು ನಿಂಗೆ, ನನ್ನ ಕಿವಿ ವಿಷಯ?"

"ಲೀರ್‌ನಲ್ಲಿ. ನೀವು ಚೆನ್ನಾಗಿದೆ ಅಂದ್ರಲ್ಲ, ಅವತ್ತು."

ಅವರು ನಗಲು ಶುರುಮಾಡಿದರು. ನರ್ಸ್ ಓಡಿಬಂದಳು. ಅವಳು ಹೋದ ಮೇಲೆ ಕಣ್ಣೊರೆಸಿಕೊಂಡು, "ನಿಜವಾಗ್ಲೂ ಅವತ್ತು ಚೆನ್ನಾಗಿರ್ಲಿಲ್ವಾ?" ಎಂದರು.

"ಇಲ್ಲ ಮೇಷ್ಟ್ರೇ. ಮೇಲಿನ ಐದು ಸ್ವರ ಮುಟ್ಟೇ ಇರ್ಲಿಲ್ಲ."

"ಹಾಗಾದ್ರೆ ನಾನು ನಿನ್ನ ಒಂದು ಸಲಾನೂ ಹೊಗಳಿಲ್ಲ ಅಂತಾಯ್ತು."

"ಹೊಗಳಿಲ್ಲ."

"ಬೈದಿದ್ದೆಲ್ಲ ಮಾತ್ರ ಕೇಳಿಸ್ಕೊಂಡೇ ಬೈದಿದ್ದು, ಗೊತ್ತಾ?" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ನಾಲ್ಕನೇ ದಿನಕ್ಕೆ ಹೋದರು.

ಭುಜ ನೋವು ಎಂದು ಹೇಳಿದ್ದು ಸುಳ್ಳು. ಯಾರೋ ಬಂದು ಕುಳಿತು, ನಾಲ್ಕು ಸ್ವರ ನುಡಿಸಿ, ವಿನಯದಿಂದ ಚೆನ್ನಾಗಿದೆ ಎನ್ನುತ್ತಾರೆ. ಆ ಮಾತನ್ನು ಇನ್ನೊಮ್ಮೆ ಕೇಳಲು ನನಗೆ ಧೈರ್ಯವಿರಲಿಲ್ಲ. ಅಷ್ಟೇ.

ಇವತ್ತು ನಾಲ್ಕೂವರೆಗೆ ಶ್ರುತಿ ಮುಗಿಸಿ ಕೀಲಿ ಒರೆಸುತ್ತಿದ್ದೆ. ವೀರ್ಲ ಬಂದು ಕುಳಿತು, ಕೆಳಗಿನಿಂದ ಮೇಲಿನವರೆಗೆ ನುಡಿಸಿದಳು. ನಾನು ಕಿಟಕಿಯ ಕಡೆ ನೋಡುತ್ತಾ ನಿಂತೆ. ಮೇಲಿನ ಸ್ವರಗಳನ್ನು ಇನ್ನೊಮ್ಮೆ ಒತ್ತಿ, "ಲೀವ, ಬೇಜಾರು ಮಾಡ್ಕೋಬೇಡಿ. ಮೇಲಿಂದ ಎರಡನೇದು ಇಳಿದಿದೆ ಅನ್ಸತ್ತೆ" ಎಂದಳು.

"ನೀನು ಹುಟ್ಟೋಕೆ ಮುಂಚಿಂದ ಮಾಡ್ತಿದೀನಿ ಇದನ್ನ" ಎಂದೆ.

"ಗೊತ್ತು. ಆದ್ರೂ ಇಳಿದಿದೆ."

ಸಿಟ್ಟು ಬಂತು. ಹೋಗಿ ಆ ಸ್ವರ ಒತ್ತಿದೆ. ಇಳಿದಿತ್ತು. ಕೂದಲೆಳೆಯಷ್ಟು, ಆದರೂ ಇಳಿದಿತ್ತು. ತಿರುಗಿಸಿದೆ. ಅವಳು ಮತ್ತೆ ನುಡಿಸಿದಳು, ಏನೂ ಹೇಳದೆ ಎದ್ದುಹೋದಳು.

ತಂಡದವರು ಈಗ ನುಡಿಸಲು ಕಾಯುತ್ತಿದ್ದಾರೆ, ನನ್ನ ಮಾತು ಉದ್ದವಾಯಿತು. ಮಾತಾಡಲು ಬಾರದವಳನ್ನು ಕರೆದು ನಿಲ್ಲಿಸಿದ ಅಧ್ಯಕ್ಷರಿಗೆ, ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಕೃತಜ್ಞತೆಗಳು, ನಮಸ್ಕಾರ.

ವೀರ್ಲ, ನಾಳೆ ಅಭ್ಯಾಸ ಹತ್ತು ಗಂಟೆಗೆ ತಾನೇ? ವಾದ್ಯಕ್ಕೆ ಒಂದೂವರೆ ಗಂಟೆ ಬೇಕು. ನಾನು ಎಂಟೂವರೆಗೆ ಬರುತ್ತೇನೆ.